ತೋಟದ ಹಾಜರಿ, ತೂಕ ಬರ‍್ಯೋ ಆ್ಯಪ್ ಮಾಡ್ತಿದೀನಿ, ಎಲ್ಲಾ ಕಡೆ ಸಿಕ್ಕಾಕ್ಕೊಂಡಿದೀನಿ, ಅನುಭವ ಇರೋರು ಸ್ವಲ್ಪ ಹೇಳಿ

ಮೂಡಿಗೆರೆಯಿಂದ ಪ್ರಶ್ನೆ

ನಮಸ್ಕಾರ ಎಲ್ರಿಗೂ. ನಂದು ಮೂಡಿಗೆರೆ ತಾಲ್ಲೂಕು, ಬಣಕಲ್ ಹತ್ರ. ಹೋದ್ವರ್ಷ ಇಂಜಿನಿಯರಿಂಗ್ ಮುಗೀತು, ಈಗ ದೊಡ್ಡಪ್ಪನ ಕಾಫಿ ತೋಟಕ್ಕೆ ಒಂದು ಆ್ಯಪ್ ಮಾಡ್ತಿದೀನಿ. ಬೆಳಿಗ್ಗೆ ರೈಟ್ರು (ತೋಟದ ಲೆಕ್ಕ ಬರೆಯೋರು) ಆಳುಗಳ ಹಾಜರಿ ಹಾಕ್ಬೇಕು, ಸಂಜೆ ಯಾರ್ಯಾರು ಎಷ್ಟು ಕೇಜಿ ಹಣ್ಣು ಕುಯ್ದ್ರು ಅಂತ ತೂಕ ಬರೀಬೇಕು, ಶನಿವಾರ ಬಟವಾಡೆಗೆ ಲೆಕ್ಕ ರೆಡಿ ಇರ್ಬೇಕು. ರೈಟ್ರಿಗೆ ಫೋನಲ್ಲಿ, ದೊಡ್ಡಪ್ಪಂಗೆ ಆಫೀಸ್ ರೂಮಿನ ವಿಂಡೋಸ್ ಕಂಪ್ಯೂಟರಲ್ಲಿ. ಎರಡಕ್ಕೂ ಒಂದೇ ಕೋಡ್ ಆಗುತ್ತಲ್ಲ ಅಂತ ಫ್ಲಟರ್ (ಆ್ಯಪ್ ಕಟ್ಟೋ ಸಾಧನ) ಹಿಡ್ಕೊಂಡೆ.

ಮೂರು ತಿಂಗಳಾಯ್ತು, ನಿಜವಾಗ್ಲೂ ಸುಸ್ತಾಗಿದೀನಿ. ಲ್ಯಾಪ್‌ಟಾಪು 8 ಜಿಬಿ ರ‍್ಯಾಮು, ಎಮ್ಯುಲೇಟರ್ (ಕಂಪ್ಯೂಟರಲ್ಲೇ ಓಡೋ ನಕಲಿ ಫೋನ್) ಹಾಕಿದ್ರೆ ಮೌಸ್ ಕೂಡ ಅಲ್ಲಾಡಲ್ಲ. ಆಂಡ್ರಾಯ್ಡ್ ಸ್ಟುಡಿಯೋ ಅಪ್‌ಡೇಟ್ ಮಾಡಿದ ಮೇಲೆ ಬಿಲ್ಡೇ (ಕೋಡಿಂದ ಆ್ಯಪ್ ತಯಾರಾಗೋದೇ) ಆಗ್ತಿಲ್ಲ, 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65' ಅಂತ ಬರುತ್ತೆ. ಅದಕ್ಕೆ ಮುಂಚೆ ಮಾಡಿದ್ದ ಎಪಿಕೆ (ಫೋನಿಗೆ ಹಾಕೋ ಆ್ಯಪ್ ಫೈಲು) ಇದೆ, ಅದೂ ನನ್ನ ಫೋನಿಗೆ ಕೇಬಲ್ ಹಾಕಿ ಓಡಿಸಿದಾಗ ಎಲ್ಲಾ ಸರಿ ಇತ್ತು, ರೈಟ್ರ ಫೋನಿಗೆ ಹಾಕಿದ್ರೆ ಸರ್ವರ್‌ಗೆ ಹೋಗೋದೇ ಇಲ್ಲ. ಬಟವಾಡೆ ಚೀಟಿ ಪಿಡಿಎಫ್ ಮಾಡಿದ್ರೆ ಒತ್ತಕ್ಷರ ಎಲ್ಲಾ ಬಿಚ್ಕೊಂಡು ಪಕ್ಕಕ್ಕೆ ಬಂದು ಕೂತ್ಕೊಳ್ಳುತ್ತೆ. ವಿಂಡೋಸ್ ಎಕ್ಸಿ (ಕಂಪ್ಯೂಟರಿಗೆ ಮಾಡಿದ ಆ್ಯಪ್ ಫೈಲು) ದೊಡ್ಡಪ್ಪನ ಕಂಪ್ಯೂಟರಲ್ಲಿ ತೆಗೆಯೋದೇ ಇಲ್ಲ. ಇದೆಲ್ಲದರ ಮೇಲೆ ತೋಟದ ಕೆಳಗಿನ ಬ್ಲಾಕಲ್ಲಿ ನೆಟ್‌ವರ್ಕು ಒಂದು ಕಡ್ಡಿನೂ ಬರಲ್ಲ. ಅರೇಬಿಕಾ ಕೊಯ್ಲು ಶುರುವಾಗೋದ್ರೊಳಗೆ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಎಲ್ಲಿಂದ ಹಿಡೀಲಿ ಹೇಳಿ.

ಹಾಸನದಿಂದ

ತಮ್ಮಾ, ಮೊದ್ಲು ಧೈರ್ಯವಾಗಿರು. ನೀನು ಬರ್ದಿರೋದ್ರಲ್ಲಿ ಒಂದೂ ಹೊಸಾ ತೊಂದ್ರೆ ಅಲ್ಲ, ಎಲ್ಲಾ ನಾವು ಬಿದ್ದು ಎದ್ದಿರೋವೇ. ನಾನು ಹನ್ನೊಂದು ವರ್ಷದಿಂದ ಇಲ್ಲೇ ಹಾಸನದಲ್ಲಿ ಅಂಗಡಿ, ಮಿಲ್ಲು, ಗೋಡೌನುಗಳಿಗೆ ಸಾಫ್ಟ್‌ವೇರ್ ಮಾಡ್ಕೊಡ್ತಿರೋನು, ನಂಗೆ ಗೊತ್ತಿರೋಷ್ಟು ಹೇಳ್ತೀನಿ, ಮಿಕ್ಕಿದ್ದು ಬೇರೆಯವ್ರು ಸೇರಿಸ್ಲಿ.

ಆ 65 ಅಂದ್ರೆ ಜಾವಾ 21. 61 ಅಂತ ಬಂದ್ರೆ ಜಾವಾ 17. ಆಂಡ್ರಾಯ್ಡ್ ಸ್ಟುಡಿಯೋ ಹೊಸದಾದಾಗ ಅದರ ಹೊಟ್ಟೇಲಿರೋ ಜಾವಾನೂ ಹೊಸದಾಗುತ್ತೆ, ಆದ್ರೆ ನಿನ್ನ ಪ್ರಾಜೆಕ್ಟಿನ ಗ್ರೇಡಲ್ (ಬಿಲ್ಡ್ ಮಾಡೋ ಸಾಧನ) ಹಳೇದೇ ಉಳ್ಕೊಂಡಿರುತ್ತೆ, ಅದಕ್ಕೆ ಈ ಜಾವಾ ಅರ್ಥ ಆಗಲ್ಲ. ಜಾವಾ 21 ಮೇಲೆ ಓಡ್ಬೇಕು ಅಂದ್ರೆ ಗ್ರೇಡಲ್ 8.5 ಆದ್ರೂ ಇರ್ಬೇಕು. ಒಂದೋ ರ‍್ಯಾಪರ್ ಫೈಲಲ್ಲಿ ಗ್ರೇಡಲ್ ವರ್ಷನ್ ಏರ್ಸು, ಇಲ್ಲಾ ಜಾವಾ 17 ಬೇರೆ ಹಾಕ್ಕೊಂಡು ಫ್ಲಟರ್ ಕಾನ್ಫಿಗ್‌ನಲ್ಲಿ ಜೆಡಿಕೆ (ಜಾವಾ) ಫೋಲ್ಡರ್ ಇದು ಅಂತ ತೋರ್ಸು. ಕೊಯ್ಲು ಇಷ್ಟು ಹತ್ರ ಇರೋವಾಗ ನಾನಾದ್ರೆ ಎರಡನೇದೇ ಮಾಡ್ತೀನಿ, ಯಾಕಂದ್ರೆ ಗ್ರೇಡಲ್ ಏರಿಸಿದ್ರೆ ಆಂಡ್ರಾಯ್ಡ್ ಪ್ಲಗಿನ್ ಏರಿಸ್ಬೇಕು, ಅದು ಏರಿಸಿದ್ರೆ ಕಾಟ್ಲಿನ್ (ಆಂಡ್ರಾಯ್ಡ್ ಆ್ಯಪ್ ಬರೆಯೋ ಭಾಷೆ) ಏರಿಸ್ಬೇಕು, ಕೊನೆಗೆ ಯಾವ್ದೋ ಒಂದು ಪ್ಯಾಕೇಜು ಒಪ್ಪಲ್ಲ ಅಂತ ಹಟ ಹಿಡಿಯುತ್ತೆ, ಅಷ್ಟೊತ್ತಿಗೆ ಒಂದು ವಾರ ಹೋಗಿರುತ್ತೆ. ಅದೆಲ್ಲ ಮಾರ್ಚಿನಲ್ಲಿ ಮಾಡ್ಕೋ. ಎರರ್ ಉದ್ದಕ್ಕೆ ಬಂದಾಗ ಮೊದ್ಲನೇ ಸಾಲು ನೋಡಿ ಗಾಬರಿ ಆಗ್ಬೇಡ, 'ವಾಟ್ ವೆಂಟ್ ರಾಂಗ್' ಅನ್ನೋ ಜಾಗ ಹುಡುಕು, ಅದೂ ಸಾಲ್ದಿದ್ರೆ ಕೆಳಗೆ ಹೋಗಿ ಕಟ್ಟಕಡೇ 'ಕಾಸ್ಡ್ ಬೈ' ಓದು, ಕಾರಣ ಬಹಳಷ್ಟು ಸಲ ಅಲ್ಲೇ ಇರುತ್ತೆ. ಒಂದು ಸಲಕ್ಕೆ ಒಂದೇ ಬದಲಾಯ್ಸು, ಬಿಲ್ಡ್ ಮಾಡು, ಆಮೇಲೆ ಇನ್ನೊಂದು. ನಾಲ್ಕು ಒಟ್ಟಿಗೆ ಬದಲಾಯ್ಸಿದ್ರೆ ಯಾವ್ದ್ರಿಂದ ಸರಿ ಆಯ್ತು, ಯಾವ್ದ್ರಿಂದ ಕೆಡ್ತು ಅಂತ ಗೊತ್ತಾಗಲ್ಲ.

ಎಮ್ಯುಲೇಟರ್ ಬಿಟ್ಬಿಡು. 8 ಜಿಬಿ ಮಿಷನ್ನಲ್ಲಿ ಅದು ಬೇಡವೇ ಬೇಡ. ಫೋನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ ತೆಗ್ದು ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಅದರಲ್ಲೇ ಓಡಿಸು, ಆಂಡ್ರಾಯ್ಡ್ 11 ಮೇಲಿನ ಫೋನಾದ್ರೆ ಕೇಬಲ್ಲೂ ಬೇಡ, ವೈಫೈ ಮೇಲೇ ಆಗುತ್ತೆ. ಇನ್ನೊಂದು, ಗ್ರೇಡಲ್ ಪ್ರಾಪರ್ಟೀಸ್ ಫೈಲ್ ತೆಗ್ದು ಎಕ್ಸ್‌ಎಂಎಕ್ಸ್ (ಗ್ರೇಡಲ್ ಎಷ್ಟು ರ‍್ಯಾಮು ತಗೊಳ್ಬಹುದು ಅನ್ನೋ ಮಿತಿ) ಎಷ್ಟಿದೆ ನೋಡು. 8ಜಿ ಅಂತ ಇದ್ರೆ ನಿನ್ನ ಇಡೀ ಮಿಷನ್ನಿನ ರ‍್ಯಾಮು ಅದೊಂದೇ ಕೇಳ್ತಿದೆ ಅಂತ ಅರ್ಥ, 2ಜಿ ಮಾಡು.

ಇನ್ನು ಕೇಬಲ್ಲಲ್ಲಿ ಸರಿ, ಎಪಿಕೆನಲ್ಲಿ ಇಲ್ಲ ಅನ್ನೋದು. ಇದಕ್ಕೆ ನಾನೂ ಒಂದ್ಸಲ ಎರಡು ದಿನ ತಲೆ ಕೆಡಿಸ್ಕೊಂಡಿದೀನಿ, ಸರ್ವರ್ ಬದಲಾಯ್ಸಿದೆ, ಸಿಮ್ ಬದಲಾಯ್ಸಿದೆ, ಕಾರಣ ಮಾತ್ರ ಒಂದು ಸಾಲು. ಫ್ಲಟರ್ ಪ್ರಾಜೆಕ್ಟಲ್ಲಿ ಮ್ಯಾನಿಫೆಸ್ಟ್ ಫೈಲು (ಆ್ಯಪಿಗೆ ಏನೇನು ಅನುಮತಿ ಬೇಕು ಅಂತ ಬರ್ದಿರೋದು) ಒಂದೇ ಅಲ್ಲ, ಡಿಬಗ್‌ಗೆ (ಕೇಬಲ್ ಹಾಕಿ ಪರೀಕ್ಷೆ ಮಾಡೋದಕ್ಕೆ) ಬೇರೆ, ಮೇನ್ ಫೋಲ್ಡರಲ್ಲಿ ಬೇರೆ. ಇಂಟರ್ನೆಟ್ ಪರ್ಮಿಷನ್ ಡಿಬಗ್ ಫೈಲಲ್ಲಿ ತಾನಾಗೇ ಬರ್ದಿರುತ್ತೆ, ಮೇನ್ ಫೈಲಲ್ಲಿ ಇರಲ್ಲ, ನೀನೇ ಬರೀಬೇಕು. ರಿಲೀಸ್ ಎಪಿಕೆ (ಬೇರೆಯವ್ರಿಗೆ ಕೊಡೋದು) ಮೇನ್ ಫೈಲ್ ಮಾತ್ರ ನೋಡುತ್ತೆ. ಅದು ಹಾಕಿದ ಮೇಲೂ ಹೋಗ್ಲಿಲ್ಲ ಅಂದ್ರೆ ವಿಳಾಸ ಎಚ್‌ಟಿಟಿಪಿನಾ ಎಚ್‌ಟಿಟಿಪಿಎಸ್ಸಾ ನೋಡು, ಆಂಡ್ರಾಯ್ಡ್ 9ರಿಂದ ಈಚೆಗೆ ಬರೀ ಎಚ್‌ಟಿಟಿಪಿಗೆ ಮಾಮೂಲಾಗಿ ಬಿಡಲ್ಲ. ಲೋಕಲ್‌ಹೋಸ್ಟ್ ಅಂತೇನಾದ್ರೂ ಉಳ್ಕೊಂಡಿದ್ರೆ ರೈಟ್ರ ಫೋನಿಗೆ ಲೋಕಲ್‌ಹೋಸ್ಟ್ ಅಂದ್ರೆ ಅದೇ ಫೋನು, ನಿನ್ನ ಲ್ಯಾಪ್‌ಟಾಪ್ ಅಲ್ಲ. ಹಂಗಾಗಿ ಇವತ್ತಿನಿಂದ ದಿನಕ್ಕೊಂದು ಸಲ ರಿಲೀಸ್ ಎಪಿಕೆ ಮಾಡಿ ಅದನ್ನೇ ಹಾಕ್ಕೊಂಡು ನೋಡೋ ಅಭ್ಯಾಸ ಮಾಡ್ಕೋ, ಕೊನೇ ದಿನಕ್ಕೆ ಇಟ್ಕೋಬೇಡ.

ಸಕಲೇಶಪುರದಿಂದ

ಮೇಲಿನವ್ರು ಹೇಳಿದ್ದೆಲ್ಲ ಸರಿ. ಆದ್ರೆ ಮಾರಾಯ, ಬಿಲ್ಡ್ ಆಗ್ಲಿಲ್ಲ ಅಂದ್ರೆ ನಿನ್ನ ನಿದ್ದೆ ಮಾತ್ರ ಕೆಡುತ್ತೆ, ಬರ್ದ ಲೆಕ್ಕ ಹೋದ್ರೆ ಬೇರೆಯವ್ರ ಕೂಲಿ ಹೋಗುತ್ತೆ. ಅದನ್ನ ಮೊದ್ಲು ಗಟ್ಟಿ ಮಾಡ್ಕೋ, ಮಿಕ್ಕಿದ್ದು ಆಮೇಲೆ.

ನಾಲ್ಕು ವರ್ಷದ ಹಿಂದೆ ನಾನು ಇಲ್ಲೇ ಒಬ್ರು ವ್ಯಾಪಾರಸ್ಥರಿಗೆ ಕಾಳುಮೆಣಸು, ಕಾಫಿ ಖರೀದಿ ಬರ‍್ಯೋ ಆ್ಯಪ್ ಕೊಟ್ಟಿದ್ದೆ, ಕಾಟ್ಲಿನ್ನಲ್ಲಿ, ಒಳಗೆ ರೂಮ್ ಅನ್ನೋ ಡೇಟಾಬೇಸು. ಟೇಬಲ್‌ಗೆ ಒಂದು ಕಾಲಂ ಹೊಸದಾಗಿ ಸೇರಿಸ್ದಾಗ ಮೈಗ್ರೇಷನ್ (ಹಳೇ ಟೇಬಲ್ಲನ್ನ ಹೊಸ ರೂಪಕ್ಕೆ ತರೋ ಕೋಡ್) ಬರೀಬೇಕು ಅಂತ ಎರರ್ ಬರ್ತಿತ್ತು, ಎಲ್ಲೋ ನೋಡಿ 'ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಷನ್' ಅನ್ನೋ ಒಂದು ಸಾಲು ಹಾಕ್ದೆ, ಎರರ್ ಹೋಯ್ತು. ಆ ಸಾಲಿನ ಅರ್ಥ ಮೈಗ್ರೇಷನ್ ಇಲ್ದಿದ್ರೆ ಹಳೇ ಟೇಬಲ್ ಎಲ್ಲಾ ಅಳಿಸಿ ಹೊಸದಾಗಿ ಮಾಡು ಅಂತ. ನನ್ನ ಫೋನಲ್ಲಿ ಇದ್ದಿದ್ದು ಹತ್ತು ಸುಳ್ಳು ಎಂಟ್ರಿ, ಅದು ಹೋಗಿದ್ದು ಕಣ್ಣಿಗೇ ಬೀಳ್ಲಿಲ್ಲ. ಅವ್ರ ಫೋನಲ್ಲಿ 22 ದಿನದ ಖರೀದಿ ಇತ್ತು. ಅಪ್‌ಡೇಟ್ ಹಾಕಿ ಓಪನ್ ಮಾಡಿದ್ರೆ ಖಾಲಿ. ಅವ್ರು ನನ್ನ ಮೇಲೆ ಕೂಗಾಡ್ಲಿಲ್ಲ, ಸುಮ್ನೆ ಚೀಟಿ ಚೀಲ ತಂದು ಮೇಜಿನ ಮೇಲೆ ಸುರಿದ್ರು. ಮೂರು ರಾತ್ರಿ ಕೂತು ಒಂದೊಂದೇ ಚೀಟಿ ನೋಡಿ ಟೈಪ್ ಮಾಡ್ದೆ, ಆರು ಚೀಟಿ ಸಿಗ್ಲೇ ಇಲ್ಲ. ಈಗ್ಲೂ ಅವ್ರ ಅಂಗಡಿ ಮುಂದೆ ಹೋಗೋವಾಗ ನೆನಪಾಗುತ್ತೆ.

ನಿಂಗೆ ಫ್ಲಟರಲ್ಲಿ ಎಸ್‌ಕ್ಯೂಲೈಟ್ (ಫೋನೊಳಗಿನ ಡೇಟಾಬೇಸು) ಇರುತ್ತೆ, ಅಲ್ಲೂ ಇದೇ ತರದ ಹೊಂಡ ಇದೆ. ಆನ್‌ಕ್ರಿಯೇಟ್ ಅನ್ನೋದು ಡೇಟಾಬೇಸ್ ಮೊದಲನೇ ಸಲ ಹುಟ್ಟೋವಾಗ ಮಾತ್ರ ಓಡುತ್ತೆ. ನೀನು ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಮಾಡಿ ಹಾಕ್ತಿರ್ತೀಯ, ನಿಂಗೆ ಹೊಸ ಕಾಲಂ ಬರುತ್ತೆ. ರೈಟ್ರು ಹಳೇದ್ರ ಮೇಲೆ ಅಪ್‌ಡೇಟ್ ಹಾಕ್ತಾರೆ, ಅವ್ರಿಗೆ 'ನೋ ಸಚ್ ಕಾಲಂ' ಅಂತ ಬಂದು ಆ್ಯಪ್ ಕ್ಲೋಸ್. ಡೇಟಾಬೇಸಿನ ವರ್ಷನ್ ನಂಬರ್ ಏರಿಸಿ, ಹೊಸ ಕಾಲಂ ಸೇರ್ಸೋದನ್ನ ಆನ್‌ಅಪ್‌ಗ್ರೇಡ್‌ನಲ್ಲಿ ಬರಿ. ಕೊಡೋಕೆ ಮುಂಚೆ ಹಳೇ ಎಪಿಕೆ ಹಾಕಿ, ಒಂದು ಐವತ್ತು ಎಂಟ್ರಿ ಮಾಡಿ, ಅದರ ಮೇಲೇ ಹೊಸದು ಹಾಕಿ ಐವತ್ತೂ ಇದೆಯಾ ಎಣಿಸು.

ನೆಟ್‌ವರ್ಕ್ ವಿಷ್ಯಕ್ಕೆ ಬರ್ತೀನಿ. ಸರ್ವರ್‌ಗೆ ಕಳಿಸಿ ಅಲ್ಲಿಂದ ಸರಿ ಅಂತ ಬಂದ ಮೇಲೆ ಫೋನಲ್ಲಿ ತೋರ‍್ಸೋ ತರ ಬರ್ದಿದ್ರೆ ಇವತ್ತೇ ತಿರುಗಿಸಿ ಬರಿ. ರೈಟ್ರು ಒತ್ತಿದ ತಕ್ಷಣ ಫೋನಿನ ಡೇಟಾಬೇಸಲ್ಲಿ ಕೂತ್ಕೋಬೇಕು, ನೆಟ್ ಇದ್ಯೋ ಇಲ್ವೋ ಕೇಳ್ಲೇಬಾರ್ದು. ಜೊತೆಗೆ ಕಳಿಸಬೇಕಾದ್ದು ಅಂತ ಒಂದು ಟೇಬಲ್ ಇಡು, ನೆಟ್ ಸಿಕ್ಕಾಗ ಅಲ್ಲಿಂದ ಒಂದೊಂದೇ ಹೋಗ್ಲಿ. ಎಂಟ್ರಿಗೆ ನಂಬರನ್ನ ಸರ್ವರ್ ಕೊಡೋದು ಬೇಡ, ಫೋನಲ್ಲೇ ಯುಯುಐಡಿ (ಇನ್ನೊಂದು ಕಡೆ ಮತ್ತೆ ಬರದ ಗುರುತು) ಹಾಕು, ಇಲ್ಲಾಂದ್ರೆ ಎರಡು ಫೋನಲ್ಲಿ ಒಂದೇ ನಂಬರ್ ಬಂದು ಒಂದರ ಮೇಲೊಂದು ಕೂತ್ಕೊಳ್ಳುತ್ತೆ. ಇನ್ನೊಂದು ಬಹಳ ಮುಖ್ಯ: ಕಳ್ಸಿರ್ತೀವಿ, ಸರ್ವರ್‌ಗೆ ಸೇರಿರುತ್ತೆ, ಉತ್ತರ ಬರೋವಾಗ ನೆಟ್ ಹೋಗುತ್ತೆ, ಫೋನು ಹೋಗಿಲ್ಲ ಅನ್ಕೊಂಡು ಮತ್ತೆ ಕಳ್ಸುತ್ತೆ. ಆಗ ಅದೇ ಯುಯುಐಡಿ ಮತ್ತೆ ಬಂದ್ರೆ ಸರ್ವರ್ ಹೊಸ ಎಂಟ್ರಿ ಮಾಡ್ದೆ 'ಇದೆ' ಅಂತಷ್ಟೇ ಹೇಳ್ಬೇಕು. ಇದು ಬಿಟ್ರೆ ಒಬ್ಬಳ 38 ಕೇಜಿ ಎರಡು ಸಲ ಬರುತ್ತೆ.

ಹಿನ್ನೆಲೇಲಿ ತಾನಾಗೇ ಕಳ್ಸುತ್ತೆ ಅಂತ ಪೂರ್ತಿ ನಂಬ್ಬೇಡ. ಆಂಡ್ರಾಯ್ಡಲ್ಲಿ ವರ್ಕ್‌ಮ್ಯಾನೇಜರ್ ಹಾಕಿದ್ರೂ ಪದೇ ಪದೇ ಓಡೋ ಕೆಲಸಕ್ಕೆ ಕನಿಷ್ಠ 15 ನಿಮಿಷದ ಅಂತರ, ಅದ್ರ ಮೇಲೆ ಕೆಲವು ಫೋನುಗಳು ಬ್ಯಾಟರಿ ಉಳಿಸ್ತೀವಿ ಅಂತ ಆ್ಯಪನ್ನ ನಿಲ್ಲಿಸ್ಬಿಡ್ತವೆ. ಪರದೆ ಮೇಲೆ ದಪ್ಪಕ್ಕೆ 'ಕಳಿಸಬೇಕಾದ್ದು 14' ಅಂತ ಕಾಣ್ಲಿ, ಪಕ್ಕದಲ್ಲಿ 'ಈಗ್ಲೇ ಕಳಿಸು' ಅನ್ನೋ ಬಟನ್ ಇರ್ಲಿ. ರೈಟ್ರು ಸಂಜೆ ರಸ್ತೆ ಹತ್ರ ಬಂದಾಗ ಅವ್ರೇ ಒತ್ತಿ ಸೊನ್ನೆ ಆಗೋದು ನೋಡ್ಕೊಂಡು ಮನೆಗೆ ಹೋಗ್ತಾರೆ, ಅವ್ರಿಗೂ ಸಮಾಧಾನ.

ದುಡ್ಡು ಪೈಸೇಲಿ, ತೂಕ ಗ್ರಾಮಲ್ಲಿ, ಪೂರ್ಣಾಂಕವಾಗೇ ಇಡು. ಡಬಲ್ಲಲ್ಲಿ (ದಶಮಾಂಶ ಸಂಖ್ಯೆ ಇಡೋ ರೀತಿ) 0.1ಕ್ಕೆ 0.2 ಕೂಡಿದ್ರೆ ಸರಿಯಾಗಿ 0.3 ಬರಲ್ಲ, ವಾರದ ಕೊನೇಲಿ ಹತ್ತು ಪೈಸೆ ವ್ಯತ್ಯಾಸಕ್ಕೆ ಇಡೀ ಲೆಕ್ಕದ ಮೇಲೇ ಅನುಮಾನ ಬರುತ್ತೆ. ತಪ್ಪು ತಿದ್ದೋವಾಗ ಹಳೇ ಸಾಲು ಅಳಿಸ್ಬೇಡ, ತಿದ್ದುಪಡಿ ಅಂತ ಇನ್ನೊಂದು ಸಾಲು ಬರಿ, ಯಾರು ಯಾವಾಗ ಅಂತಾನೂ. ಚೆಕ್‌ರೋಲ್ (ಹಾಜರಿ, ಕೂಲಿ ಬರೆಯೋ) ಪುಸ್ತಕದಲ್ಲೂ ಹೊಡೆದು ಹಾಕಿ ಪಕ್ಕದಲ್ಲೇ ಅಲ್ವಾ ಬರ‍್ಯೋದು.

ಆಲ್ದೂರಿನಿಂದ

ನಾನು ಡೆವಲಪರ್ ಅಲ್ಲ, ಒಂದು ತೋಟದಲ್ಲಿ ರೈಟ್ರು. ನಮ್ಗೂ ಒಬ್ರು ಇಂಥದೇ ಆ್ಯಪ್ ತಂದ್ಕೊಟ್ಟಿದ್ರು, ಎರಡು ವಾರ ಬಳಸಿ ಬಿಟ್ವಿ. ಯಾಕೆ ಬಿಟ್ವಿ ಅಂತ ಹೇಳ್ತೀನಿ, ನಿಮ್ಗೆ ಉಪಯೋಗ ಆಗ್ಬಹುದು.

ತೂಕ ಹಾಕೋದು ಸಂಜೆ ನಾಲ್ಕೂವರೆ ಐದಕ್ಕೆ. ಬೆಳಕು ಕಮ್ಮಿ, ಮರದ ಹನಿ ಬೀಳ್ತಿರುತ್ತೆ, ಮೂವತ್ತು ನಲವತ್ತು ಜನ ಚೀಲ ಹಿಡ್ಕೊಂಡು ಸಾಲಲ್ಲಿ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಫೋನು. ಬೆರಳಿಗೆ ಹಣ್ಣಿನ ಅಂಟು, ಮೇಲೆ ನೀರು, ಪರದೆ ಮೇಲೆ ಒತ್ತಿದ್ರೆ ಬೇರೆಲ್ಲೋ ಒತ್ತುತ್ತೆ. ಆ ಆ್ಯಪಲ್ಲಿ ಹೆಸರು ಹುಡುಕಕ್ಕೆ ಟೈಪ್ ಮಾಡ್ಬೇಕಿತ್ತು, ಕೀಬೋರ್ಡ್ ಬಂದು ಅರ್ಧ ಪರದೆ ಮುಚ್ತಿತ್ತು. ಮೂವತ್ತೆರಡೂವರೆಗೆ 32.5 ಹೊಡೆಯೋಕೆ ಹೋಗಿ ಚುಕ್ಕಿ ಬೀಳ್ದೆ 325 ಆಗೋದು, ಆ್ಯಪು ಸುಮ್ನೆ ತಗೊಳ್ಳೋದು. ಒಬ್ಬ ಮನುಷ್ಯ ಒಂದು ದಿನಕ್ಕೆ 325 ಕೇಜಿ ಕುಯ್ಯಕ್ಕಾಗುತ್ತಾ, ಅಷ್ಟು ಕೇಳ್ಬಾರ್ದಾ ಅದು. ಮಧ್ಯದಲ್ಲಿ ಯಜಮಾನ್ರ ಫೋನ್ ಬಂದ್ರೆ ಮಾತಾಡಿ ವಾಪಸ್ ಬರೋಷ್ಟರಲ್ಲಿ ಬರ್ದಿದ್ದೆಲ್ಲ ಹೋಗಿರೋದು, ಯಾಕಂದ್ರೆ ಎಲ್ಲರದ್ದೂ ಹಾಕಿ ಆದ್ಮೇಲೆ ಕೊನೇಲಿ ಒಂದೇ ಸೇವ್ ಬಟನ್. ಆಳುಗಳು ಹಿಂದೆ ನಿಂತು ಕಾಯ್ತಿರ್ತಾರೆ, ಮನೇಲಿ ಅಡುಗೆ ಆಗ್ಬೇಕು ಅವ್ರಿಗೆ.

ಹಂಗಾಗಿ ನಂದು ಇಷ್ಟೇ ಕೋರಿಕೆ, ಬೆಳಿಗ್ಗೆ ಹಾಜರಿ ಹಾಕಿದೋರ ಹೆಸರು ಮಾತ್ರ ಸಂಜೆ ಪಟ್ಟೀಲಿ ಬರ್ಲಿ, ದಪ್ಪ ಅಂಕಿ ಬಟನ್ ನಿಮ್ದೇ ಇರ್ಲಿ, ಒಂದೊಂದು ತೂಕಕ್ಕೂ ಅಲ್ಲಲ್ಲೇ ಸೇವ್ ಆಗ್ಲಿ. ಮತ್ತೆ ಸಾಧ್ಯ ಆದ್ರೆ ಒಂದು ಸಂಜೆ ನಿಮ್ಮ ರೈಟ್ರ ಪಕ್ಕದಲ್ಲಿ ನಿಂತು ನೋಡಿ.

ಹಾಸನದಿಂದ, ಮೊದಲು ಬರೆದವರೇ

ಅಣ್ಣಾ, ಇದು ಬರ್ದಿದ್ದು ಬಹಳ ಒಳ್ಳೇದಾಯ್ತು. ತಮ್ಮಾ, ಫೋನ್ ಬಂದಾಗ ಬರ್ದಿದ್ದು ಹೋಗೋದಕ್ಕೆ ಕಾರಣ, ರ‍್ಯಾಮ್ ಕಮ್ಮಿ ಇರೋ ಫೋನಲ್ಲಿ ನಿನ್ನ ಆ್ಯಪ್ ಹಿಂದೆ ಹೋದ ತಕ್ಷಣ ಆಂಡ್ರಾಯ್ಡ್ ಅದನ್ನ ಮುಚ್ಚಿಬಿಡಬಹುದು, ವಾಪಸ್ ಬಂದಾಗ ಹೊಸದಾಗಿ ಶುರು. ಡೆವಲಪರ್ ಆಪ್ಷನ್‌ನಲ್ಲಿ 'ಡೋಂಟ್ ಕೀಪ್ ಆ್ಯಕ್ಟಿವಿಟೀಸ್' ಅಂತ ಇದೆ, ಆನ್ ಮಾಡಿ ಆ್ಯಪ್ ಬಿಟ್ಟು ಬಂದು ನೋಡು, ಏನು ಉಳಿಯುತ್ತೆ ಏನು ಹೋಗುತ್ತೆ ನಿನ್ನ ಮೇಜಿನ ಮೇಲೇ ಒಂದಷ್ಟು ಗೊತ್ತಾಗುತ್ತೆ. ಆಳುಗಳ ಫೋಟೋ ಏನಾದ್ರೂ ತೋರಿಸ್ತಿದ್ರೆ ಚಿಕ್ಕದು ಮಾಡಿ ಇಡು, 12 ಮೆಗಾಪಿಕ್ಸೆಲ್ ಫೋಟೋ ಹಂಗೇ ಬಿಚ್ಚಿದ್ರೆ 4000 ಇಂಟು 3000 ಇಂಟು 4 ಬೈಟು, ಒಂದಕ್ಕೇ 48 ಎಂಬಿ ರ‍್ಯಾಮು, ಪಟ್ಟೀಲಿ ನಲವತ್ತು ಇದ್ರೆ ಆ್ಯಪ್ ಬೀಳುತ್ತೆ. ಆಧಾರ್ ಕಾರ್ಡಿನ ಫೋಟೋ ಅಂತೂ ತೆಗೆದು ಇಟ್ಕೋಳ್ಲೇಬೇಡ, ಹಾಜರಿಗೆ ಅದು ಬೇಕಿಲ್ಲ.

ಹಾಸನದಿಂದ ಇನ್ನೊಬ್ಬರು

ಕನ್ನಡ ಅಕ್ಷರದ್ದು ನಾನು ಹೇಳ್ತೀನಿ. ನಾನು ಮೊದ್ಲು ಪ್ರೆಸ್ಸಲ್ಲಿ ಡಿಟಿಪಿ ಮಾಡ್ತಿದ್ದೆ, ಆಮೇಲೆ ಕೋಡಿಂಗ್ ಕಲ್ತಿದ್ದು, ಈ ಒತ್ತಕ್ಷರದ ಜೊತೆ ಅರ್ಧ ಆಯಸ್ಸು ಕಳ್ದಿದೀನಿ.

ಲಕ್ಷ್ಮಮ್ಮ ಅನ್ನೋ ಹೆಸರು ತಗೊಳ್ಳಿ. ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಅದು ಒಂಬತ್ತು: ಲ, ಕ, ಹಲಂತ, ಷ, ಹಲಂತ, ಮ, ಮ, ಹಲಂತ, ಮ. ಈ ಒಂಬತ್ತನ್ನ ಕೂಡಿಸಿ ಷ ಒತ್ತು, ಮ ಒತ್ತು ಎಲ್ಲಿ ಕೂರ್ಬೇಕು ಅಂತ ಜೋಡ್ಸೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಫ್ಲಟರ್ ಪರದೆ ಮೇಲೆ ತೋರ‍್ಸೋವಾಗ ಹಾರ್ಫ್‌ಬಝ್ ಅನ್ನೋದು ಆ ಕೆಲಸ ಮಾಡುತ್ತೆ, ಅದಕ್ಕೇ ಪರದೇಲಿ ಸರಿ ಕಾಣುತ್ತೆ. ಎಷ್ಟೋ ಪಿಡಿಎಫ್ ಲೈಬ್ರರಿಗಳು ಇಂಗ್ಲಿಷ್ ತರ ಒಂದಾದ ಮೇಲೊಂದು ಅಕ್ಷರ ಇಟ್ಕೊಂಡು ಹೋಗ್ತವೆ, ಹಂಗಾಗಿ ಬಿಚ್ಕೊಳ್ಳುತ್ತೆ. ನೀವು ಫಾಂಟ್ ಎಷ್ಟು ಬದಲಾಯ್ಸಿದ್ರೂ ಸರಿ ಹೋಗಲ್ಲ, ತಪ್ಪು ಫಾಂಟಿಂದಲ್ಲ. ಚೀಟಿನ ಎಚ್‌ಟಿಎಂಎಲ್ ಆಗಿ ಬರ್ದು ವೆಬ್‌ವ್ಯೂ (ಆ್ಯಪೊಳಗಿನ ಬ್ರೌಸರ್) ಮೂಲಕ ಪಿಡಿಎಫ್‌ಗೆ ಪ್ರಿಂಟ್ ಕೊಡಿ, ಬ್ರೌಸರ್ ಎಂಜಿನ್‌ಗೆ ಶೇಪಿಂಗ್ ಗೊತ್ತು. ಅದು ಕಷ್ಟ ಅನ್ಸಿದ್ರೆ ಪರದೆ ಮೇಲಿನ ಚೀಟಿ ವಿಜೆಟ್ಟನ್ನೇ ಚಿತ್ರ ಮಾಡಿ ಪಿಡಿಎಫ್ ಪುಟಕ್ಕೆ ಅಂಟಿಸಿ, ಫೈಲ್ ಸ್ವಲ್ಪ ದಪ್ಪ ಆಗುತ್ತೆ ಅಷ್ಟೇ.

ಮುಂದೆ ಚಿಕ್ಕ ಬ್ಲೂಟೂತ್ ಪ್ರಿಂಟರಲ್ಲಿ ಚೀಟಿ ಕೊಡೋ ಯೋಚನೆ ಇದ್ರೆ, ಅಂಥ ಪ್ರಿಂಟರಿಗೆ ಕನ್ನಡ ಅಕ್ಷರವಾಗಿ ಕಳ್ಸಿದ್ರೆ ಪ್ರಶ್ನಾರ್ಥಕ ಚಿಹ್ನೆ ಅಥವಾ ಕಸ ಬರುತ್ತೆ. ಅಲ್ಲೂ ಚಿತ್ರವಾಗೇ ಕಳ್ಸಿ. 58 ಎಂಎಂ ಕಾಗದದ ಪ್ರಿಂಟರಾದ್ರೆ ಅಗಲ 384 ಚುಕ್ಕಿ, 80 ಎಂಎಂಗೆ ಸಾಮಾನ್ಯವಾಗಿ 576. ಆ ಅಗಲಕ್ಕೇ ಸರಿಯಾಗಿ ಚಿತ್ರ ಮಾಡ್ಬೇಕು, ಆಮೇಲೆ ಕುಗ್ಗಿಸಿದ್ರೆ ಒತ್ತು ಮಸುಕಾಗಿ ಓದಕ್ಕಾಗಲ್ಲ. ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಕನೆಕ್ಟ್ ಪರ್ಮಿಷನ್ನನ್ನ ಬಳಸೋರ ಹತ್ರ ಕೇಳ್ಬೇಕು, ಮರೀಬೇಡಿ.

ಹೆಸರು ಉದ್ದ ಆಯ್ತು ಅಂತ ಆ ಒಂಬತ್ತರಲ್ಲಿ ಐದಕ್ಕೆ ಸಬ್‌ಸ್ಟ್ರಿಂಗ್ ಕತ್ತರಿಸಿದ್ರೆ ಲಕ್ಷ್ಮಮ್ಮ ಹೋಗಿ 'ಲಕ್ಷ್' ಆಗುತ್ತೆ. ಡಾರ್ಟಲ್ಲಿ (ಫ್ಲಟರಿನ ಭಾಷೆ) ಕ್ಯಾರೆಕ್ಟರ್ಸ್ ಪ್ಯಾಕೇಜ್ ಬಳಸಿ, ಅದು ಅಕ್ಷರದಿಂದ ಸ್ವರದ ಚಿಹ್ನೆ, ಹಲಂತ ಕಿತ್ತು ಬರೋದನ್ನ ತಪ್ಪಿಸುತ್ತೆ, ಆದ್ರೆ ಕನ್ನಡದ ಒತ್ತಕ್ಷರದ ಮಧ್ಯೆ ಕತ್ತರಿ ಬೀಳಲ್ಲ ಅಂತ ನಂಬಕ್ಕಾಗಲ್ಲ, ಹಂಗಾಗಿ ನಾನಾದ್ರೆ ಕತ್ತರಿಸೋದೇ ಇಲ್ಲ, ಎರಡನೇ ಸಾಲಿಗೆ ಬಿಡ್ತೀನಿ, ಒಬ್ಬರ ಹೆಸರು ಅದು. ಸಾಲಿನ ಎತ್ತರ ಕಮ್ಮಿ ಇಟ್ರೆ ಕೆಳಗಿನ ಒತ್ತು ಕೊಯ್ದು ಹೋಗುತ್ತೆ, ಸ್ವಲ್ಪ ಜಾಸ್ತಿ ಇಡಿ. ಹುಡುಕೋವಾಗ ಲೋಕೇಶ ಸಿಗ್ಲಿಲ್ಲ ಅಂದ್ರೆ, ಓ ಸ್ವರದ ಚಿಹ್ನೆನ ಯೂನಿಕೋಡಲ್ಲಿ ಒಂದೇ ಕೋಡಾಗೂ ಬರೀಬಹುದು, ಬಿಡಿ ಬಿಡಿಯಾಗಿ ಕೂಡಿಸಿಯೂ ಬರೀಬಹುದು, ಕಣ್ಣಿಗೆ ಒಂದೇ ತರ, ಹೋಲ್ಸಿದ್ರೆ ಬೇರೆ. ಎಲ್ಲಾನೂ ಯೂನಿಕೋಡಿನ ಒಂದೇ ರೂಪಕ್ಕೆ, ಅಂದ್ರೆ ಎನ್‌ಎಫ್‌ಸಿಗೆ ತಂದು ಇಟ್ಕೊಳ್ಳಿ.

ದೊಡ್ಡಪ್ಪನವ್ರ ಹತ್ರ ಹಳೇ ಹೆಸರಿನ ಪಟ್ಟಿ ನುಡಿನಲ್ಲೋ ಬರಹದಲ್ಲೋ ಟೈಪ್ ಮಾಡಿದ್ದು ಇರ್ಬಹುದು, ಹಳೇ ಫಾಂಟಲ್ಲಿ ಬರ್ದಿದ್ದು ಯೂನಿಕೋಡ್ ಅಲ್ಲ, ಕಾಪಿ ಮಾಡಿದ್ರೆ ಇಂಗ್ಲಿಷ್ ಅಕ್ಷರದ ಕಸ ಬರುತ್ತೆ, ಕನ್ವರ್ಟರಲ್ಲಿ ಹಾಕಿ ಆಮೇಲೆ ತಗೊಳ್ಳಿ. ಸಿಎಸ್‌ವಿ ಮಾಡಿ ಎಕ್ಸೆಲ್ಲಲ್ಲಿ ತೆಗ್ದಾಗ ಕನ್ನಡ ಕೆಟ್ಟು ಕಂಡ್ರೆ ಫೈಲ್ ಶುರುವಲ್ಲಿ ಬಿಓಎಂ (ಇದು ಯೂನಿಕೋಡ್ ಅಂತ ಹೇಳೋ ಗುರುತು) ಹಾಕಿ, ಸರಿ ಹೋಗುತ್ತೆ.

ಚಿಕ್ಕಮಗಳೂರಿನಿಂದ

ವಿಂಡೋಸ್ ಕಡೆ ನಾನು. ಬಿಲ್ಡ್ ಆದ್ಮೇಲೆ ನೀವು ಬರೀ ಎಕ್ಸಿ ಫೈಲ್ ಒಂದನ್ನ ಪೆನ್‌ಡ್ರೈವಲ್ಲಿ ತಗೊಂಡು ಹೋಗಿದೀರ ಅಂತ ನನ್ನ ಅಂದಾಜು. ಫ್ಲಟರಲ್ಲಿ ಅದು ಸಾಕಾಗಲ್ಲ, ಪಕ್ಕದಲ್ಲಿರೋ ಡಿಎಲ್‌ಎಲ್‌ಗಳು (ಎಕ್ಸಿಗೆ ಬೇಕಾದ ಸಹಾಯಕ ಫೈಲುಗಳು), ಡೇಟಾ ಅನ್ನೋ ಫೋಲ್ಡರು, ಇಡೀ ರಿಲೀಸ್ ಫೋಲ್ಡರ್ರೇ ಹೋಗ್ಬೇಕು. ಅದಾದ ಮೇಲೂ 'ವಿಸಿರನ್‌ಟೈಮ್140 ಸಿಗ್ತಿಲ್ಲ' ಅಂದ್ರೆ ಆ ಕಂಪ್ಯೂಟರಲ್ಲಿ ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಇಲ್ಲ, ನಿಮ್ಮ ಲ್ಯಾಪ್‌ಟಾಪಲ್ಲಿ ವಿಷುಯಲ್ ಸ್ಟುಡಿಯೋ ಜೊತೆ ಬಂದಿರುತ್ತೆ, ಅದಕ್ಕೆ ನಿಮ್ಗೆ ಗೊತ್ತಾಗಲ್ಲ. ಇನ್ನೋ ಸೆಟಪ್ ಅಂತ ಫ್ರೀ ಇದೆ, ಅದರಲ್ಲಿ ಎಲ್ಲಾ ಸೇರಿಸಿ ಒಂದು ಇನ್‌ಸ್ಟಾಲರ್ ಮಾಡಿ. ನೀಲಿ ಪರದೆ ಬಂದು ವಿಂಡೋಸ್ ತಡೆದಿದೆ ಅಂತ ಬರೋದು ಸ್ಮಾರ್ಟ್‌ಸ್ಕ್ರೀನು, ಫೈಲಿಗೆ ಸಹಿ ಇಲ್ಲ ಅಂತ ಅದಕ್ಕೆ ಅನುಮಾನ. ಮನೆ ಕಂಪ್ಯೂಟರ್ ಒಂದಕ್ಕಾದ್ರೆ 'ಮೋರ್ ಇನ್ಫೋ' ಒತ್ತಿ 'ರನ್ ಎನಿವೇ' ಕೊಟ್ರೆ ಆಯ್ತು, ನಾಲ್ಕು ಜನಕ್ಕೆ ಮಾರೋ ಹಾಗಿದ್ರೆ ಮಾತ್ರ ಸೈನಿಂಗ್ ಸರ್ಟಿಫಿಕೇಟಿಗೆ ದುಡ್ಡು ಹಾಕಿ. ಇನ್ನು ಅವ್ರ ಕಂಪ್ಯೂಟರ್ ವಿಂಡೋಸ್ 7 ಇದೆಯಾ ನೋಡಿ, ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದೇ 2020ರ ಜನವರಿಲಿ, ಈಗಿನ ಫ್ಲಟರ್ ಅದರಲ್ಲಿ ಓಡಿಸೋ ಪ್ರಯತ್ನಾನೇ ಬೇಡ.

ಡೇಟಾಬೇಸ್ ಫೈಲನ್ನ ಪ್ರೋಗ್ರಾಂ ಫೈಲ್ಸ್ ಒಳಗೆ ಇಡ್ಬೇಡಿ, ಅಡ್ಮಿನ್ ಅಲ್ದೆ ಅಲ್ಲಿ ಬರ‍್ಯೋಕೆ ಬಿಡಲ್ಲ. ಆ್ಯಪ್‌ಡೇಟಾ ಫೋಲ್ಡರಲ್ಲಿಡಿ.

ಈಗ ನಂಗಾಗಿದ್ದು. ಒಂದು ಅಂಗಡಿಗೆ ಬಿಲ್ಲಿಂಗ್ ಮಾಡಿಕೊಟ್ಟಿದ್ದೆ, ಪ್ರತಿ ದಿನ ರಾತ್ರಿ ಡಿಬಿ ಫೈಲನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿ ಅಂತ ಹೇಳಿದ್ದೆ, ಪಾಪ ತಪ್ಪದೇ ಮಾಡ್ತಿದ್ರು. ಮಳೆಗಾಲದಲ್ಲಿ ಸಿಡಿಲಿಗೆ ಕಂಪ್ಯೂಟರ್ ಹೋಯ್ತು. ಪೆನ್‌ಡ್ರೈವಿಂದ ತಂದು ಹಾಕಿದ್ರೆ ಕೊನೇ ದಿನದ ಬಿಲ್ಲುಗಳೇ ಇಲ್ಲ. ಎಸ್‌ಕ್ಯೂಲೈಟನ್ನ ನಾನು ವಾಲ್ ಮೋಡಲ್ಲಿ ಇಟ್ಟಿದ್ದೆ, ಆ ಮೋಡಲ್ಲಿ ಹೊಸದಾಗಿ ಬರ್ದಿದ್ದು ಮೊದ್ಲು ಪಕ್ಕದಲ್ಲಿ ವಾಲ್ ಅಂತ ಕೊನೆಯಾಗೋ ಇನ್ನೊಂದು ಫೈಲಿಗೆ ಹೋಗುತ್ತೆ, ಆಮೇಲೆ ಮುಖ್ಯ ಫೈಲಿಗೆ ಸೇರುತ್ತೆ. ಸಾಫ್ಟ್‌ವೇರ್ ತೆಗ್ದಿರೋವಾಗ ಡಿಬಿ ಒಂದೇ ಕಾಪಿ ಮಾಡಿದ್ರೆ ಸೇರದೇ ಇರೋದೆಲ್ಲ ಹೊರಗೇ. ಈಗ ಆ್ಯಪ್ ಒಳಗೇ ಬ್ಯಾಕಪ್ ಬಟನ್ ಇಟ್ಟು 'ವ್ಯಾಕ್ಯೂಮ್ ಇಂಟೂ' ಅನ್ನೋ ಕಮಾಂಡಲ್ಲಿ ಪೂರ್ತಿ ಪ್ರತಿ ತೆಗೀತೀನಿ, ಎಸ್‌ಕ್ಯೂಲೈಟ್ 3.27ರಿಂದ ಇದೆ ಅದು. ತೆಗ್ದ ಬ್ಯಾಕಪ್ಪನ್ನ ತಿಂಗಳಿಗೊಂದ್ಸಲ ಬೇರೆ ಕಂಪ್ಯೂಟರಲ್ಲಿ ಹಾಕಿ ತೆಗ್ದು ನೋಡ್ತೀನಿ. ಡಿಬಿ ಫೈಲನ್ನ ನೆಟ್‌ವರ್ಕ್ ಫೋಲ್ಡರಲ್ಲಿಟ್ಟು ಎರಡು ಕಂಪ್ಯೂಟರಿಂದ ಬಳ್ಸೋದಂತೂ ಮಾಡ್ಲೇಬೇಡಿ, ಲಾಕ್ ಆಗುತ್ತೆ, ಕೆಡೋದೂ ಉಂಟು.

ಮೂಡಿಗೆರೆಯಿಂದ, ಕೇಳಿದವರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಜಾವಾ 17 ತೋರ‍್ಸಿದ್ಮೇಲೆ ಬಿಲ್ಡ್ ಆಯ್ತು. ಎಕ್ಸ್‌ಎಂಎಕ್ಸ್ 8ಜಿ ಅಂತಾನೇ ಇತ್ತು, 2ಜಿ ಮಾಡಿದೆ. ಮೇನ್ ಮ್ಯಾನಿಫೆಸ್ಟಲ್ಲಿ ಇಂಟರ್ನೆಟ್ ಸಾಲು ನಿಜವಾಗ್ಲೂ ಇರ್ಲಿಲ್ಲ. ಎಕ್ಸಿ ಒಂದನ್ನೇ ತಗೊಂಡು ಹೋಗಿದ್ದೂ ನಿಜ. ಈಗ ಪ್ಲೇಸ್ಟೋರಿಗೆ ಹಾಕ್ಲಾ, ಹಿಂಗೇ ವಾಟ್ಸಾಪಲ್ಲಿ ಎಪಿಕೆ ಕಳಿಸ್ಲಾ?

ಅರಸೀಕೆರೆಯಿಂದ

ಎರಡು ಮೂರು ಫೋನಿಗೆ ಪ್ಲೇಸ್ಟೋರ್ ಬೇಡ. ಅಕೌಂಟಿಗೆ ಒಂದ್ಸಲ 25 ಡಾಲರ್ ಕಟ್ಬೇಕು, ಅದು ಹೋಗ್ಲಿ, 2023ರ ನವೆಂಬರ್ 13 ಆದ್ಮೇಲೆ ತೆಗೆದ ಪರ್ಸನಲ್ ಅಕೌಂಟಾದ್ರೆ 12 ಜನ ಟೆಸ್ಟರ್ಸ್ 14 ದಿನ ಬಿಡದೇ ಕ್ಲೋಸ್ಡ್ ಟೆಸ್ಟಿಂಗಲ್ಲಿ ಇರ್ಬೇಕು. ಕೊಯ್ಲಿನೊಳಗೆ ಆಗೋ ಮಾತಲ್ಲ.

ಆದ್ರೆ ಕೈಯಿಂದ ಎಪಿಕೆ ಕೊಡೋರು ಒಂದು ವಿಷ್ಯ ಗಟ್ಟಿಯಾಗಿ ಇಟ್ಕೋಬೇಕು, ಸೈನಿಂಗ್ ಕೀ, ಅಂದ್ರೆ ಎಪಿಕೆಗೆ ಸಹಿ ಹಾಕೋ ಗುಟ್ಟಿನ ಕೀ. ಫ್ಲಟರ್ ಹೊಸ ಪ್ರಾಜೆಕ್ಟಲ್ಲಿ ನೀವು ಬದಲಾಯ್ಸೋವರೆಗೂ ರಿಲೀಸ್ ಎಪಿಕೆಗೂ ಡಿಬಗ್ ಕೀನೇ ಬೀಳುತ್ತೆ, ಆ ಡಿಬಗ್ ಕೀ ನಿಮ್ಮ ಲ್ಯಾಪ್‌ಟಾಪಲ್ಲಿ ಮಾತ್ರ ಇರೋದು. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯ್ತೋ, ಹೊಸ ಕೀ ಹುಟ್ಟುತ್ತೆ, ಹೊಸ ಎಪಿಕೆ ಹಳೇದ್ರ ಮೇಲೆ ಕೂರಲ್ಲ, 'ಆ್ಯಪ್ ನಾಟ್ ಇನ್‌ಸ್ಟಾಲ್ಡ್' ಅಂತ ಬರುತ್ತೆ. ಆಗ ಯಾರೋ ಒಬ್ರು ಹಳೇದು ತೆಗೆದು ಹಾಕಿ ಅಂತಾರೆ, ತೆಗೆದ್ರೆ ಕಳಿಸದೇ ಉಳಿದಿದ್ದ ಲೆಕ್ಕಾನೂ ಅದರ ಜೊತೆ ಹೋಗುತ್ತೆ. ಸಕಲೇಶಪುರದವ್ರು ಹೇಳಿದ ಸಂಕಟಕ್ಕೆ ಇದು ಇನ್ನೊಂದು ಬಾಗಿಲು. ನಿಮ್ದೇ ಕೀಸ್ಟೋರ್ (ಕೀ ಇಡೋ ಫೈಲು) ಮಾಡಿ, ಪಾಸ್‌ವರ್ಡ್ ಜೊತೆ ಎರಡು ಕಡೆ ಇಡಿ, ಒಂದು ಮನೆ ಬೀರುವಿನಲ್ಲಿರೋ ಪೆನ್‌ಡ್ರೈವಲ್ಲಿ. ಪ್ರತಿ ಎಪಿಕೆಗೂ ವರ್ಷನ್ ಕೋಡ್ ಒಂದು ಏರ‍್ಸಿ, ಆ್ಯಪಿನ ಮೊದಲ ಪರದೇಲಿ ಆ ನಂಬರ್ ಕಾಣ್ಲಿ, ಫೋನಲ್ಲಿ ಮಾತಾಡೋವಾಗ ಅವ್ರ ಹತ್ರ ಯಾವ್ದಿದೆ ಅಂತ ಕೇಳಕ್ಕೆ.

ಮೂಡಿಗೆರೆಯಿಂದ, ಕೇಳಿದವರು

ಇನ್ನೂ ಡಿಬಗ್ ಕೀನೇ ಇತ್ತು. ರೈಟ್ರ ಫೋನಲ್ಲಿ 'ಕಳಿಸಬೇಕಾದ್ದು' ಸೊನ್ನೆ ಆಗೋವರೆಗೂ ಕಾದು, ಸರ್ವರಲ್ಲಿ ಎಣಿಸಿ, ಆಮೇಲೆ ಹಳೇದು ತೆಗೆದು ಹೊಸ ಕೀದು ಹಾಕಿದೀನಿ. ಆಲ್ದೂರಿನ ಅಣ್ಣ ಹೇಳಿದ ಹಾಗೆ ಮೊನ್ನೆ ಸಂಜೆ ರೈಟ್ರ ಪಕ್ಕ ನಿಂತಿದ್ದೆ. 31 ಜನ, 40 ನಿಮಿಷ. ಎರಡು ಸಲ ಅವ್ರ ಹೆಬ್ಬೆರಳು 'ಮುಂದೆ' ಬಟನ್ ಬದ್ಲು ಮೇಲಿನ ಹೆಸರಿಗೆ ಬಿತ್ತು, ಬಟನ್ನನ್ನ ಕೆಳಗಡೆ ತಂದು ಅಗಲ ಮಾಡಿದೆ. ಒಂದ್ಸಲ 285 ಅಂತ ಬಿತ್ತು, ಆ್ಯಪು '28.5ಆ?' ಅಂತ ಕೇಳ್ತು, ಹೌದು ಅಂತ ಒತ್ತಿದ್ರು. ಚೆಕ್‌ರೋಲ್ ಪುಸ್ತಕದಲ್ಲೂ ಬರೀತಿದಾರೆ, ಜನವರಿವರೆಗೂ ಎರಡೂ ಇರ್ಲಿ ಅಂತ ದೊಡ್ಡಪ್ಪ ಹೇಳಿದಾರೆ, ನಂಗೂ ಅದೇ ಸರಿ ಅನ್ಸುತ್ತೆ. ಶನಿವಾರ ಬಟವಾಡೆಗೆ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಿದ್ವಿ, ಒಬ್ರ ಹೆಸರಲ್ಲಿ ಎರಡು ಕೇಜಿ ವ್ಯತ್ಯಾಸ ಇತ್ತು, ಇನ್ನೂ ಹುಡುಕ್ತಾ ಇದೀನಿ. ನಾಳೆ ಮೇಲಿನ ಬ್ಲಾಕಿನ ರೈಟ್ರಿಗೂ ಹಾಕ್ಕೊಡ್ತೀನಿ, ಅವ್ರದ್ದು ಆಂಡ್ರಾಯ್ಡ್ 8 ಫೋನು, 2 ಜಿಬಿ ರ‍್ಯಾಮು. ಏನಾಯ್ತು ಅಂತ ಬಂದು ಬರೀತೀನಿ.